ಮರಿಬೆಕ್ಕಿನ ಮೊದಲ ನೂರು ದಿನ

ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ, ಸೌದೆ ಕೊಟ್ಟಿಗೆಯ ಮೂಲೆ, ಕಾರ್ ಶೆಡ್ಡು, ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿನ ಹಿಂಬದಿ. ತಾಯಿಬೆಕ್ಕು ಮರಿ ಹಾಕಲು ಹುಡುಕಿಕೊಳ್ಳುವ ಜಾಗಗಳು ಇಂಥವೇ. ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಏಳರ ಲೆಕ್ಕ ಹೇಗಾದರೂ ಇರಲಿ, ಅಪಾಯದ ಸುಳಿವು ಸಿಕ್ಕಿದ ಕೂಡಲೇ ಅದು ಮರಿಗಳ ಕುತ್ತಿಗೆ ಕಚ್ಚಿ ಹಿಡಿದು ಜಾಗ ಬದಲಿಸುವುದಂತೂ ನಿಜ. ಈ ತಿರುಗಾಟದಲ್ಲೇ ಒಂದು ಮರಿ ಮಕ್ಕಳ ಕಣ್ಣಿಗೆ ಬೀಳುತ್ತದೆ. ಶಾಲೆಯಿಂದ ಬರುವ ಮಕ್ಕಳ ಕೈಯಲ್ಲಿ ಪುಸ್ತಕದ ಚೀಲದ ಜೊತೆಗೆ ಮಿಯಾಂವ್ ಎನ್ನುವ ಒಂದು ಮುದ್ದೆಯೂ ಮನೆಗೆ ಬರುತ್ತದೆ. "ಅಮ್ಮಾ, ಇದನ್ನು ಸಾಕೋಣಮ್ಮಾ" ಎಂಬ ಬೇಡಿಕೆ ಶುರುವಾಗುತ್ತದೆ.

ಅಮ್ಮ ಬೈಯುತ್ತಲೇ ಒಂದು ತಟ್ಟೆಗೆ ಹಾಲು ಸುರಿಯುತ್ತಾಳೆ. ತಂಗಿ ಅದರ ಕೊರಳಿಗೆ ಉಲ್ಲನ್ನಿನ ದಾರ ಕಟ್ಟುತ್ತಾಳೆ. ಮೈಯಲ್ಲಿ ಚಿಗಟ ಕಂಡ ಅಣ್ಣ, ಪಕ್ಕದ ಮನೆಯ ನಾಯಿಗೆ ತಂದಿದ್ದ ಪುಡಿಯನ್ನು ಉದುರಿಸುತ್ತಾನೆ. ಎಲ್ಲರದೂ ಪ್ರೀತಿಯೇ. ಆದರೆ ಆ ಹಾಲು, ಆ ದಾರ, ಆ ಪುಡಿ ಮೂರೂ ಮರಿಯ ಜೀವಕ್ಕೆ ಎರವಾಗಬಲ್ಲವು ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಬೆಕ್ಕು ಮನುಷ್ಯರ ಮಗುವಲ್ಲ, ಗಾತ್ರದಲ್ಲಿ ಚಿಕ್ಕದಾದ ನಾಯಿಯೂ ಅಲ್ಲ. ಅದರ ದೇಹದ ರೀತಿಯೇ ಬೇರೆ. ಹಾಗಾಗಿ ಮರಿ ಮನೆಗೆ ಬಂದ ದಿನದಿಂದ ಸುಮಾರು ನೂರು ದಿನ, ಅಂದರೆ ಅದಕ್ಕೆ ಐದು ತಿಂಗಳು ತುಂಬುವವರೆಗೆ, ಪ್ರೀತಿಯ ಜೊತೆಗೆ ಪಶುವೈದ್ಯರ ಸಲಹೆಯೂ ಬೇಕು.

ಎತ್ತಿಕೊಳ್ಳುವ ಮೊದಲು

ಒಂಟಿಯಾಗಿ ಕಂಡ ಮರಿಯೆಲ್ಲ ತಬ್ಬಲಿಯಲ್ಲ. ತಾಯಿ ಆಹಾರ ಹುಡುಕಲು ಹೋಗಿರಬಹುದು, ಅಥವಾ ಉಳಿದ ಮರಿಗಳನ್ನು ಸಾಗಿಸುತ್ತಿರಬಹುದು. ನಾಯಿ, ವಾಹನಗಳ ಅಪಾಯ ಇಲ್ಲದಿದ್ದರೆ ಕೆಲವು ಗಂಟೆ ದೂರದಿಂದಲೇ ಕಾದು ನೋಡಿ. ತಾಯಿಯ ಹಾಲಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮರಿ ತಾಯಿಯ ಜೊತೆ ಎಂಟು ವಾರವಾದರೂ ಇರುವುದು ಒಳ್ಳೆಯದು.

ಮರಿಯ ವಯಸ್ಸು ತಿಳಿಯುವುದು ಕಷ್ಟವೇನಲ್ಲ. ಹುಟ್ಟಿದಾಗ ಅದರ ತೂಕ ಸುಮಾರು ೧೦೦ ಗ್ರಾಂ. ಅನಂತರ ವಾರಕ್ಕೆ ಸುಮಾರು ೧೦೦ ಗ್ರಾಂನಂತೆ ಏರುತ್ತದೆ. ಎಂಟು ವಾರದ ಮರಿ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗಬೇಕು. ಒಂದರಿಂದ ಎರಡು ವಾರದೊಳಗೆ ಕಣ್ಣು ಬಿಡುತ್ತದೆ. ಮೂರನೆಯ ವಾರದ ಹೊತ್ತಿಗೆ ಕಿವಿ ನೆಟ್ಟಗಾಗುತ್ತದೆ, ಮುಂದಿನ ಪುಟ್ಟ ಹಲ್ಲುಗಳು ಇಣುಕುತ್ತವೆ. ಹಾಲುಹಲ್ಲು ಒಟ್ಟು ೨೬. ಆರು ತಿಂಗಳ ಹೊತ್ತಿಗೆ ಅವು ಬಿದ್ದು ೩೦ ಶಾಶ್ವತ ಹಲ್ಲುಗಳು ಬರುತ್ತವೆ.

ಕಣ್ಣು ಬಿಡದ ಮರಿಯೇ ನಿಮ್ಮ ಪಾಲಿಗೆ ಬಂದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಉಣಿಸಿ. ಮೈ ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅದು ಜೀರ್ಣವಾಗುವುದಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಇಷ್ಟು ಎಳೆಯ ಮರಿ ತಾನಾಗಿ ಮೂತ್ರ ಮಾಡಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ಆ ಕೆಲಸವನ್ನು ನೀವು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮಾಡಬೇಕು. ಇಂಥ ಮರಿಯನ್ನು ಅದೇ ದಿನ ವೈದ್ಯರಿಗೆ ತೋರಿಸಿ.

ಹಾಲಿನ ತಟ್ಟೆ ಬದಿಗಿಡಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಯಾರಿಗೆ ಗೊತ್ತಿಲ್ಲ? ಬಾಯಿ ಸುಟ್ಟುಕೊಂಡ ಆ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ಕಥೆಯ ಬೆಕ್ಕಿಗೆ ಅನ್ಯಾಯವಾಯಿತು, ನಿಜ. ಆದರೆ ಹಸುವಿನ ಹಾಲು ಬಿಟ್ಟದ್ದರಿಂದ ಅದಕ್ಕೆ ನಷ್ಟವೇನೂ ಇರಲಿಲ್ಲ! ತಾಯಿಯ ಮೊಲೆ ಬಿಟ್ಟ ಮೇಲೆ ಬೆಕ್ಕಿನ ಕರುಳಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಜೀರ್ಣವಾಗದೆ ಉಳಿದ ಸಕ್ಕರೆಯಿಂದ ಭೇದಿ ಹತ್ತುತ್ತದೆ. ಅರ್ಧ ಕಿಲೋ ತೂಗುವ ಜೀವಕ್ಕೆ ಒಂದು ದಿನದ ಭೇದಿಯೂ ದೊಡ್ಡ ಗಂಡಾಂತರ. ಮರಿಗೆ ಬೇಕಾದದ್ದು ಶುದ್ಧ ನೀರು. ತೀರಾ ಎಳೆಯ ಮರಿಯಾದರೆ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ವೈದ್ಯರು ಸೂಚಿಸುತ್ತಾರೆ.

ಇನ್ನು ಊಟದ ಮಾತು. ನಮ್ಮ ಅನೇಕ ಮನೆಗಳಲ್ಲಿ ಬೆಕ್ಕಿಗೂ ಹಾಲನ್ನ, ಮೊಸರನ್ನವೇ ಗತಿ. ಬೆಕ್ಕು ಅದನ್ನು ತಿನ್ನುತ್ತದೆ, ಬದುಕಿರುವಂತೆಯೂ ಕಾಣುತ್ತದೆ. ಹೊರಗೆ ಹೋಗಿ ಇಲಿ, ಹಲ್ಲಿ, ಜಿರಲೆ ಹಿಡಿದು ತಿಂದು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಫ್ಲಾಟಿನ ನಾಲ್ಕು ಗೋಡೆಯೊಳಗೆ ಬೆಳೆಯುವ ಮರಿಗೆ ಆ ದಾರಿ ಇಲ್ಲ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಂಶವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಸಾಕಾಗುವಷ್ಟು ಅದು ಸಿಗುವುದು ಮಾಂಸ, ಮೀನುಗಳಿಂದ ಮಾತ್ರ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗಿ ಕುರುಡಾಗುತ್ತದೆ ಎಂಬುದು ೧೯೭೫ರಲ್ಲಿ ಗೊತ್ತಾಯಿತು. ೧೯೮೭ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿಗಳು ಇದೇ ಕೊರತೆಯಿಂದ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಟಾರಿನ್ ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಸಿದ್ಧ ಆಹಾರಗಳಿಗೆ ಅದನ್ನು ಹೆಚ್ಚಾಗಿ ಸೇರಿಸುವ ರೂಢಿ ಬಂತು. ಕ್ಯಾರೆಟ್ಟಿನಲ್ಲಿರುವ ಬಣ್ಣವನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಸಾಮರ್ಥ್ಯವೂ ಬೆಕ್ಕಿಗಿಲ್ಲ.

ಹಾಗಾದರೆ ಸಸ್ಯಾಹಾರಿಗಳ ಮನೆಯಲ್ಲಿ ಏನು ಮಾಡಬೇಕು? ಅಡುಗೆಮನೆಗೆ ಮೀನು ತರಬೇಕಾಗಿಲ್ಲ. ಮರಿಗಳಿಗೆಂದೇ ತಯಾರಾದ ಸಿದ್ಧ ಆಹಾರವನ್ನು ಬೇರೆ ಡಬ್ಬಿಯಲ್ಲಿಟ್ಟು, ಬೇರೆ ತಟ್ಟೆಯಲ್ಲಿ ಕೊಡಬಹುದು. ಅದೂ ಮಾಂಸದಿಂದಲೇ ತಯಾರಾದದ್ದು. ಅದು ಮನೆಯೊಳಗೆ ಬರಲೇಬಾರದು ಎಂದಾದರೆ ಬೆಕ್ಕನ್ನು ಸಾಕುವ ಆಸೆ ಬಿಡುವುದೇ ಅದಕ್ಕೆ ಮಾಡುವ ಉಪಕಾರ. ಮಾಂಸಾಹಾರಿಗಳ ಮನೆಯಲ್ಲಿ ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬರೀ ಮಾಂಸವೊಂದನ್ನೇ ಕೊಟ್ಟರೂ ಸುಣ್ಣದ ಅಂಶ ಸಾಲದೆ ಮೂಳೆ ಮೆದುವಾಗುತ್ತದೆ. ಹಾಗೆಂದು ಬೇಯಿಸಿದ ಮೂಳೆ ಹಾಕಬೇಡಿ, ಅದು ಚೂಪಾಗಿ ಸೀಳಿ ಗಂಟಲಿಗೆ ಚುಚ್ಚುತ್ತದೆ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣಿಸಿ.

ಮೊದಲ ಭೇಟಿ

ಮರಿ ಬಂದ ಎರಡು ಮೂರು ದಿನದೊಳಗೆ ಪಶುವೈದ್ಯರ ಬಳಿ ಹೋಗಬೇಕು. ಸೊರಗಿದ್ದರೆ ಅದೇ ದಿನ. ಕೈಯಲ್ಲಿ ಎತ್ತಿಕೊಂಡು ಸ್ಕೂಟರಿನಲ್ಲಿ ಹೊರಡಬೇಡಿ. ಹಾರನ್ನಿನ ಸದ್ದಿಗೆ ಬೆದರಿ ಹಾರುತ್ತದೆ. ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿಯೊಳಗೆ ಅದು ಮಲಗಿದ ಬಟ್ಟೆಯನ್ನೇ ಹಾಸಿ ಕರೆದೊಯ್ಯಿರಿ. ಸಾಧ್ಯವಾದರೆ ಅಂದಿನ ಮಲವನ್ನು ಪುಟ್ಟ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂತುಹುಳುಗಳ ಮೊಟ್ಟೆ ಕಾಣುತ್ತವೆ.

ವೈದ್ಯರು ತೂಕ ನೋಡುತ್ತಾರೆ, ಜ್ವರ ಅಳೆಯುತ್ತಾರೆ. ಬೆಕ್ಕಿನ ಸಹಜ ಉಷ್ಣತೆ ೧೦೦.೫ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಬೆಚ್ಚಗೆ ಹತ್ತಿದ ಮಾತ್ರಕ್ಕೆ ಜ್ವರವಲ್ಲ. ಒಸಡು ತಿಳಿಗೆಂಪಾಗಿದೆಯೇ, ಬಿಳಿಚಿದೆಯೇ ಎಂದು ನೋಡುತ್ತಾರೆ. ಕಿವಿಯೊಳಗೆ ಕಾಫಿಪುಡಿಯಂಥ ಕಸ ಇದ್ದರೆ ಕಿವಿನುಸಿಯ ಸಂಶಯ. ರೋಮ ಉದುರಿ ದುಂಡು ಮಚ್ಚೆಯಾಗಿದ್ದರೆ ಹುಳುಕಡ್ಡಿ. ಹೆಸರು ಹುಳುವಿನದಾದರೂ ಅದು ಶಿಲೀಂಧ್ರದ ಸೋಂಕು, ಮರಿಯಿಂದ ಮಕ್ಕಳ ಚರ್ಮಕ್ಕೂ ಹರಡುತ್ತದೆ.

ಗಂಡೋ ಹೆಣ್ಣೋ ಎಂಬುದೂ ಆಗಲೇ ತಿಳಿಯುತ್ತದೆ. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣವಿರುವ ಮರಿಯಾದರೆ ನೋಡುವ ಮೊದಲೇ 'ಹೆಣ್ಣು' ಎಂದುಬಿಡಬಹುದು! ಕಿತ್ತಳೆ ಬಣ್ಣದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಎರಡು ಎಕ್ಸ್ ಇರುವ ಹೆಣ್ಣಿನಲ್ಲಿ ಒಂದೊಂದು ಜೀವಕೋಶದಲ್ಲಿ ಒಂದೊಂದು ಎಕ್ಸ್ ನಿದ್ರಿಸುವುದರಿಂದ ಕಪ್ಪು, ಕಿತ್ತಳೆ ತೇಪೆಗಳು ಮೂಡುತ್ತವೆ. ಈ ನಿದ್ರೆಯ ರಹಸ್ಯವನ್ನು ೧೯೬೧ರಲ್ಲಿ ಇಲಿಗಳ ಅಧ್ಯಯನದಿಂದ ವಿವರಿಸಿದವರು ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್. ಮೂರು ಬಣ್ಣದ ಗಂಡು ಬಲು ಅಪರೂಪ.

ಎಲ್ಲಿಗೆ ಹೋಗುವುದು? ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಇವುಗಳಲ್ಲಿ ೧೯೫೮ರಲ್ಲಿ ಆರಂಭವಾದ ಹೆಬ್ಬಾಳದ್ದೇ ಹಿರಿಯದು. ಬೆಕ್ಕಿನ ಎಲ್ಲ ಲಸಿಕೆಗಳೂ ಎಲ್ಲ ಕಡೆ ಇರಲಾರವು, ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ಹುಳು ಮತ್ತು ಚಿಗಟ

"ಮನೆಯೊಳಗೇ ಇರುವ ಮರಿಗೆ ಜಂತುಹುಳು ಎಲ್ಲಿಂದ ಬಂತು?" ಎಂದು ಕೇಳುವವರಿದ್ದಾರೆ. ತಾಯಿಯ ಹಾಲಿನಿಂದಲೇ! ದುಂಡುಹುಳುವಿನ ಮರಿಗಳು ಹಾಲಿನೊಡನೆ ಮರಿಬೆಕ್ಕಿನ ಹೊಟ್ಟೆ ಸೇರುತ್ತವೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಇಂಥ ಮರಿಯನ್ನು ಕಂಡು "ಚೆನ್ನಾಗಿ ಉಂಡಿದೆ" ಎಂದುಕೊಳ್ಳಬೇಡಿ. ಮೂರನೆಯ ವಾರದಿಂದ ಎರಡು ವಾರಕ್ಕೊಮ್ಮೆ, ಎರಡು ತಿಂಗಳ ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಹುಳುವಿನ ಔಷಧಿ ಕೊಡಿಸುವುದು ವಾಡಿಕೆ. ಔಷಧಿಯ ಪ್ರಮಾಣ ತೂಕವನ್ನು ಅವಲಂಬಿಸಿರುತ್ತದೆ, ಆದ್ದರಿಂದ ಅಳತೆಯನ್ನು ವೈದ್ಯರೇ ಹೇಳಬೇಕು. ಮಲದ್ವಾರದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದು ಲಾಡಿಹುಳು. ಮೈ ನೆಕ್ಕಿಕೊಳ್ಳುವಾಗ ಚಿಗಟವನ್ನು ನುಂಗಿದ ಬೆಕ್ಕಿಗೆ ಅದು ಬರುತ್ತದೆ.

ಚಿಗಟ ಇದೆಯೇ ಎಂದು ತಿಳಿಯಲು ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಮರಿಯ ಮೈ ಬಾಚಿ, ಉದುರಿದ ಕಪ್ಪು ಚುಕ್ಕೆಗಳನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಚುಕ್ಕೆಯ ಸುತ್ತ ಕೆಂಪು ಹರಡಿದರೆ ಅದು ಮಣ್ಣಲ್ಲ, ರಕ್ತ ಹೀರಿದ ಚಿಗಟದ ಹಿಕ್ಕೆ. ಚಿಗಟ ಹೆಚ್ಚಾದರೆ ಪುಟ್ಟ ಮರಿ ರಕ್ತಹೀನತೆಯಿಂದಲೇ ಸಾಯಬಹುದು. ಮರಿಯ ಉಗುರಿನ ಮೂಲಕ ನಮಗೆ ಅಂಟುವ 'ಪರಚು ಜ್ವರ'ದ ರೋಗಾಣುವೂ ಚಿಗಟದ ಹಿಕ್ಕೆಯಲ್ಲೇ ಇರುತ್ತದೆ.

ಒಂದೇ ಚುಚ್ಚುಮದ್ದು ಏಕೆ ಸಾಲದು?

"ಒಂದು ಸಲ ಹಾಕಿಸಿದ್ದೇವಲ್ಲ, ಮತ್ತೇಕೆ?" ಎಂಬುದು ಪೋಷಕರ ಸಾಮಾನ್ಯ ಪ್ರಶ್ನೆ. ಉತ್ತರ ಸ್ವಾರಸ್ಯವಾಗಿದೆ. ಗಿಣ್ಣುಹಾಲಿನ ಮೂಲಕ ತಾಯಿ ತನ್ನ ರೋಗನಿರೋಧಕ ಶಕ್ತಿಯನ್ನು ಮರಿಗೆ ಎರವಲು ಕೊಟ್ಟಿರುತ್ತದೆ. ಆ ಎರವಲು ಇರುವಷ್ಟು ದಿನ ಮರಿಗೆ ರಕ್ಷಣೆ ಇದೆ. ಆದರೆ ಅದೇ ಶಕ್ತಿ ಲಸಿಕೆಯನ್ನೂ ಶತ್ರುವೆಂದು ಬಗೆದು ಅಳಿಸಿಹಾಕುತ್ತದೆ. ಎರವಲು ತೀರುವ ದಿನ ಒಂದು ಮರಿಗೆ ಎಂಟನೆಯ ವಾರ, ಇನ್ನೊಂದಕ್ಕೆ ಹದಿನಾಲ್ಕನೆಯ ವಾರ. ಹೊರಗಿನಿಂದ ಅದನ್ನು ಕಂಡುಹಿಡಿಯಲಾಗದು. ಆದ್ದರಿಂದಲೇ ೬ರಿಂದ ೮ನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ೧೬ ವಾರ ತುಂಬುವವರೆಗೆ ಲಸಿಕೆ ಹಾಕುತ್ತಾರೆ. ಕೊನೆಯದನ್ನು ತಪ್ಪಿಸಿದರೆ ಮೊದಲಿನವು ವ್ಯರ್ಥವಾಗಿರಲೂಬಹುದು.

ಈ ಲಸಿಕೆ ಮೂರು ರೋಗಗಳಿಗೆ ತಡೆ. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು ಬೆಕ್ಕಿಗೆ ಕಣ್ಣು, ಮೂಗು ಸೋರುವ ನೆಗಡಿ, ನಾಲಗೆಯ ಹುಣ್ಣು ತರುತ್ತವೆ. ಮೂಗು ಕಟ್ಟಿ ವಾಸನೆ ತಿಳಿಯದ ಮರಿ ಊಟವನ್ನೇ ಬಿಡುತ್ತದೆ. ಮೂರನೆಯದು ಪ್ಯಾನ್‌ಲ್ಯೂಕೊಪೀನಿಯ, ಮೂರರಲ್ಲಿ ಅತಿ ಘೋರವಾದದ್ದು. ಇದು ಕರುಳನ್ನೂ ರಕ್ತದ ಬಿಳಿಕಣಗಳನ್ನೂ ಒಟ್ಟಿಗೇ ನಾಶ ಮಾಡುತ್ತದೆ. ನಿನ್ನೆ ಕುಣಿಯುತ್ತಿದ್ದ ಮರಿ ಇಂದು ವಾಂತಿ, ಭೇದಿಯಿಂದ ಕುಸಿದು ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುತ್ತದೆ, ಕುಡಿಯಲಾರದು. ಈ ವೈರಸ್ ನೆಲದಲ್ಲಿ, ಹಾಸಿಗೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ನಮ್ಮ ಚಪ್ಪಲಿಗಂಟಿ ಮನೆಯೊಳಗೂ ಬರುತ್ತದೆ. ಮಾಮೂಲಿ ಫಿನಾಯಿಲ್‌ಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಹಿಂದೊಂದು ಮರಿ ಹೀಗೆ ಸತ್ತ ಮನೆಗೆ ಲಸಿಕೆ ಮುಗಿಯದ ಮರಿಯನ್ನು ತರಬೇಡಿ.

ಪರಚಿದರೆ ಮುಚ್ಚಿಡಬೇಡಿ

ಈಗ ಮಕ್ಕಳು ಮತ್ತು ಪೋಷಕರು ಒಟ್ಟಿಗೆ ಕುಳಿತು ಓದಬೇಕಾದ ಮಾತು. ರೇಬೀಸ್ ಎಂದರೆ ಹುಚ್ಚುನಾಯಿ ರೋಗ ಎಂದು ನಾವು ನಾಯಿಗೆ ಮಾತ್ರ ಅಂಟಿಸಿಬಿಟ್ಟಿದ್ದೇವೆ. ಬೆಕ್ಕಿನಿಂದಲೂ ಅದು ಬರುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದರಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಸಕಾಲದಲ್ಲಿ ಲಸಿಕೆ ಪಡೆದರೆ ಖಂಡಿತ ತಡೆಯಬಹುದು. ೧೮೮೫ರ ಜುಲೈ ೬ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನಿಗೆ ಲಸಿಕೆ ಕೊಡಿಸಿ ಉಳಿಸಿಕೊಂಡಾಗಿನಿಂದ ಈ ದಾರಿ ತೆರೆದಿದೆ.

ಬೀದಿಯಿಂದ ತಂದ ಮರಿ ಕಚ್ಚಿದರೆ ಅಥವಾ ಪರಚಿದರೆ, ಗೆರೆ ಸಣ್ಣದಾಗಿದ್ದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನದ ನಂತರ ೩, ೭ ಮತ್ತು ೨೮ನೆಯ ದಿನ ಚುಚ್ಚುಮದ್ದು. ರಕ್ತ ಬಂದಿದ್ದರೆ ಗಾಯದ ಸುತ್ತ ಪ್ರತಿವಿಷದಂಥ ಇನ್ನೊಂದು ಔಷಧಿಯನ್ನೂ ಕೊಡುತ್ತಾರೆ.

ಅನೇಕ ಮಕ್ಕಳು ಪರಚಿದ್ದನ್ನು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದರೆ ಮರಿಯನ್ನು ಹೊರಗೆ ಬಿಟ್ಟುಬರುತ್ತಾರೆಂಬ ಭಯ ಒಂದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಇನ್ನೊಂದು. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ೨೦೦೫ರ ಹೊತ್ತಿಗೇ ನಿಂತುಹೋಯಿತು. ಮೊದಲ ಭಯವನ್ನು ಹೋಗಲಾಡಿಸಬೇಕಾದವರು ತಂದೆತಾಯಿ. "ಪರಚಿದರೆ ನನಗೆ ಹೇಳು, ಬೈಯುವುದಿಲ್ಲ, ಮರಿಯನ್ನೂ ಬಿಡುವುದಿಲ್ಲ" ಎಂಬ ಮಾತನ್ನು ಮರಿ ಮನೆಗೆ ಬಂದ ದಿನವೇ ಮಗುವಿಗೆ ಕೊಡಿ.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ವರ್ಷದ ನಂತರ ಮತ್ತೊಮ್ಮೆ, ಅನಂತರ ವೈದ್ಯರು ಹೇಳಿದಂತೆ. ಸೆಪ್ಟೆಂಬರ್ ೨೮ ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಹಲವೆಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ.

ಔಷಧಿ ಡಬ್ಬಿಗೆ ಬೀಗ

ಮರಿಗೆ ಮೈ ಬಿಸಿ ಎಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯ ಚೂರು ಕೊಡುವವರಿದ್ದಾರೆ. ಅದು ಬೆಕ್ಕಿಗೆ ವಿಷ! ಅದನ್ನು ನಿರುಪದ್ರವಿಯಾಗಿಸುವ ಕಿಣ್ವ ನಮ್ಮ ಯಕೃತ್ತಿನಲ್ಲಿದೆ, ಬೆಕ್ಕಿನಲ್ಲಿ ಸಾಕಷ್ಟಿಲ್ಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ೫೦೦ ಮಿಲಿಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ನಾಯಿಗಳ ಚಿಗಟ, ಉಣ್ಣೆಗೆ ಬಳಸುವ ಪರ್ಮೆಥ್ರಿನ್ ಎಂಬ ಕೀಟನಾಶಕವೂ ಹಾಗೆಯೇ; ಬೆಕ್ಕು ನಡುಗಿ, ಸೆಟೆದು ಸಾಯುತ್ತದೆ. ದಾರ, ರಬ್ಬರ್ ಬ್ಯಾಂಡ್ ನುಂಗಿದರೆ ಕರುಳು ಮಡಚಿಕೊಳ್ಳುತ್ತದೆ. ಬಾಯಿಂದಲೋ ಮಲದ್ವಾರದಿಂದಲೋ ದಾರ ಇಣುಕಿದರೆ ಎಳೆಯಬೇಡಿ, ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ಹೂದಾನಿಯ ಲಿಲಿ ಹೂವು, ಎಲೆ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತವೆ. ಮಹಡಿ ಮನೆಯವರು ಬಾಲ್ಕನಿಗೆ ಜಾಲರಿ ಹಾಕಿಸಿ. ಬೆಕ್ಕು ಎತ್ತರದಿಂದ ಬಿದ್ದರೆ ಏನೂ ಆಗದೆಂಬುದು ಬರೀ ನಂಬಿಕೆ.

ಮರಿಯ ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಿ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿ ಸೋಂಕು ತರುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ತೆಗೆದರೆ ಅಪಾಯ ಕಡಿಮೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಆ ಕೆಲಸ ಬೇರೆಯವರದಾಗಲಿ.

ಐದನೆಯ ತಿಂಗಳು

ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಒಂಬತ್ತು ವಾರ. ಅಂದರೆ ವರ್ಷ ತುಂಬುವ ಮೊದಲೇ ನಿಮ್ಮ ಮರಿ ತಾಯಿಯಾಗಿ, ಮತ್ತೆ ನಾಲ್ಕು ಮರಿಗಳನ್ನು ಯಾರ ಮನೆಗೆ ಕೊಡುವುದೆಂಬ ಚಿಂತೆ ನಿಮ್ಮದಾಗುತ್ತದೆ. ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಬಳಿ ಬಿಟ್ಟುಬರುವ ಕ್ರೌರ್ಯ ಹುಟ್ಟುವುದು ಈ ಚಿಂತೆಯಿಂದಲೇ. ಐದನೆಯ ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಇದಕ್ಕೆ ಪರಿಹಾರ. "ಒಮ್ಮೆಯಾದರೂ ಮರಿ ಹಾಕಲಿ" ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಗಂಡುಮರಿಗೂ ಈ ಚಿಕಿತ್ಸೆ ಮಾಡಿಸಿದರೆ ಊರೂರು ತಿರುಗಿ ಕಾದಾಡುವುದು ತಗ್ಗುತ್ತದೆ.

ಗೋಡೆಗೆ ಅಂಟಿಸಿಕೊಳ್ಳಿ

* ಮೊದಲ ಮೂರು ದಿನ: ವೈದ್ಯರ ಭೇಟಿ, ತೂಕ, ಹುಳುವಿನ ಔಷಧಿ.
* ೮ನೆಯ ವಾರ: ಮೂರು ರೋಗಗಳ ಲಸಿಕೆ.
* ೧೨ನೆಯ ವಾರ: ಅದೇ ಲಸಿಕೆ ಎರಡನೆಯ ಸಲ, ರೇಬೀಸ್ ಲಸಿಕೆ.
* ೧೬ನೆಯ ವಾರ: ಅದೇ ಲಸಿಕೆ ಮೂರನೆಯ ಸಲ.
* ಆರು ತಿಂಗಳವರೆಗೆ: ತಿಂಗಳಿಗೊಮ್ಮೆ ಹುಳುವಿನ ಔಷಧಿ.
* ೫ನೆಯ ತಿಂಗಳು: ಸಂತಾನಹರಣ ಶಸ್ತ್ರಚಿಕಿತ್ಸೆ.
* ತಡಮಾಡದೆ ಆಸ್ಪತ್ರೆಗೆ: ೧೨ ಗಂಟೆ ಏನೂ ತಿನ್ನದಿದ್ದರೆ, ಪದೇ ಪದೇ ವಾಂತಿಯಾದರೆ, ಒಸಡು ಬಿಳಿಚಿದರೆ, ಬಾಯಿ ತೆರೆದು ಉಸಿರಾಡಿದರೆ.

ಚೆನ್ನಾಗಿ ನೋಡಿಕೊಂಡ ಮನೆಬೆಕ್ಕು ೧೨ರಿಂದ ೧೫ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳುತ್ತದೆ. ಇಂದು ಏಳನೆಯ ತರಗತಿಯಲ್ಲಿರುವ ಮಗು ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ, ಬೇರೆ ಊರಿಗೆ ಹೋದ ಮೇಲೂ ಈ ಬೆಕ್ಕು ಮನೆಯಲ್ಲಿರುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ಅಪ್ಪ ಅಮ್ಮ. ಹಾಗಾಗಿ ಸಾಕುವ ತೀರ್ಮಾನ ಮನೆಯವರೆಲ್ಲರದೂ ಆಗಿರಲಿ. ಆದರೆ ನೂರು ದಿನಗಳ ಲೆಕ್ಕವನ್ನು ಮಗುವಿಗೇ ವಹಿಸಿ. ಒಂದು ನೂರು ಪುಟದ ನೋಟ್‌ಬುಕ್ ಕೊಡಿ. ಪ್ರತಿ ಭಾನುವಾರ ಮರಿಯ ತೂಕ ಬರೆಯಲಿ, ಮುಂದಿನ ಲಸಿಕೆಯ ದಿನಾಂಕಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಲಿ. ಆ ದಿನ ಬಂದಾಗ "ಅಪ್ಪಾ, ಇವತ್ತು ಆಸ್ಪತ್ರೆಗೆ ಹೋಗಬೇಕು" ಎಂದು ನೆನಪಿಸುವ ಮಗುವಿನ ಕೈಯಲ್ಲಿ ಮರಿಯ ಜೀವ ಭದ್ರವಾಗಿರುತ್ತದೆ.